ಮೈಲುತುತ್ತದ ಬಾನಿ

ಮನೆಗೆ ಬಂದವರ ಮೂಗಿಗೆ ಮೊದಲು ಕುರಿ, ಆಮೇಲೆ ಅಡುಗೆ ತಾಕುತ್ತಿದ್ದ ಕಾಲವದು. ಕೂಡ್ಲಿಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಮನೆಗೆ ಹೊಂದಿಕೊಂಡೇ ಕುರಿಗಳ ರೊಪ್ಪ ಇತ್ತು. ನಾನಾಗ ಹತ್ತನೇ ಕ್ಲಾಸು. ರಾಸಾಯನಿಕ ಸೂತ್ರಗಳ ಹುಚ್ಚು ಹಿಡಿದು, ಕಂಡದ್ದಕ್ಕೆಲ್ಲ ಶಾಲೆಯಲ್ಲಿ ಕಲಿತ ಹೆಸರಿಡುತ್ತಿದ್ದೆ. ಅಜ್ಜಿಯ ತಾಮ್ರದ ತಂಬಿಗೆಯ ಹಸಿರು ಕಿಲುಬಿಗೆ ಕಾಪರ್ ಕಾರ್ಬೋನೇಟ್ ಅಂದರೆ, ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕು, ಹೆಸರು ಆಮೇಲೆ ಹೇಳು ಅನ್ನುತ್ತಿದ್ದಳು. ಅಪ್ಪ ಅಂಗಡಿಯಿಂದ ತರುವ ಮೈಲುತುತ್ತವೇ ಕಾಪರ್ ಸಲ್ಫೇಟ್ ಎಂದು ಗೊತ್ತಾದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಆ ನೀಲಿ ಹರಳಿನೊಳಗೆ ನೀರು ಅಡಗಿದೆ, ಕಾಯಿಸಿದರೆ ಬೆಳ್ಳಗಾಗುತ್ತದೆ ಎಂದು ಓಣಿಗೆಲ್ಲ ಸಾರಿದ್ದೆ.

ಆ ವರ್ಷ ಮಳೆ ಬಿಡಲಿಲ್ಲ. ಕೆಸರಲ್ಲಿ ನಿಂತು ಕುರಿಗಳ ಗೊರಸು ಕೊಳೆಯತೊಡಗಿ, ರೊಪ್ಪದ ತುಂಬ ನಾತ. ಸಿಮೆಂಟಿನ ಬಾನಿಯಲ್ಲಿ ಮೈಲುತುತ್ತ ಕರಗಿಸಿ, ಒಂದೊಂದೇ ಕುರಿಯನ್ನು ಅದರೊಳಗೆ ನಡೆಸುವುದೇ ನಮ್ಮಲ್ಲಿ ಮದ್ದು. ಕಾಲಿಗೆ ಮದ್ದು, ಬಾಯಿಗೆ ವಿಷ. ಅದಕ್ಕೇ ಮೊದಲು ಹೊಟ್ಟೆ ತುಂಬ ನೀರು ಕುಡಿಸಬೇಕು. ಬಾಯಾರಿದ ಕುರಿ ಯಾವ ನೀರಿಗೂ ಬಾಯಿ ಹಾಕುತ್ತದೆ.

ಆ ಸಂಜೆ ಮತ್ತೆ ಮೋಡ ಕವಿದಿತ್ತು. ನೀರು ಕುಡಿಸೋ ಎಂದು ಅಜ್ಜಿ ಒಳಗಿನಿಂದ ಅಪ್ಪನಿಗೆ ಕೂಗಿ ಹೇಳುತ್ತಲೇ ಇದ್ದಳು. ಹಸಿ ಹುಲ್ಲು ಮೇದು ಬಂದಿವೆ, ಬಾಯಾರಿರುವುದಿಲ್ಲ, ಮಳೆಗೆ ಮುಂಚೆ ಮುಗಿಯಲಿ ಎಂದು ಅಪ್ಪ ಕೇಳಲಿಲ್ಲ. ಬಾನಿಯ ಪಕ್ಕ ನಿಂತು ಕುರಿಗಳ ಮೂತಿ ಎತ್ತಿ ಹಿಡಿಯುವುದು ನನ್ನ ಕೆಲಸ.

ಕೆಂಚಿ ನನ್ನ ಮರಿ. ತಾಯಿ ಸತ್ತ ಮೇಲೆ ಬಾಟಲಿ ಹಾಲು ಕುಡಿಸಿ ಸಾಕಿದ್ದೆ. ನಾನು ಟಗರೊಂದರ ಕೊಂಬು ಹಿಡಿದು ಹೆಣಗುತ್ತಿದ್ದಾಗ ಅದು ಪಕ್ಕದಿಂದ ನುಸುಳಿ ಬಾನಿಗೆ ಬಾಯಿ ಹಾಕಿತು. ಎಳೆಯುವಷ್ಟರಲ್ಲಿ ಗುಟುಕು ಒಳಗಿಳಿದಿತ್ತು. ಸ್ವಲ್ಪ ಹೊತ್ತಿಗೇ ಜೊಲ್ಲು ಸುರಿಸುತ್ತ, ಬೆನ್ನು ಬಾಗಿಸಿ ನಡುಗುತ್ತ ನಿಂತಿತು.

ಅಪ್ಪ ದನದ ಡಾಕ್ಟರಿಗೆ ಫೋನು ಹಚ್ಚಿದ. ಅವರು ದೊಡ್ಡ ಊರಿನಿಂದ ಹೊಸದಾಗಿ ಬಂದವರು. ಮೈಲುತುತ್ತ ಅಂದರೆ ತಿಳಿಯದೆ, ಹುಳದ ಔಷಧಿಯೋ ಗೊಬ್ಬರವೋ ಎಂದು ಕೇಳುತ್ತಾರೆ. ಅಪ್ಪ ನೀಲಿ ಹರಳು, ನೀಲಿ ಹರಳು ಅನ್ನುತ್ತಾನೆ. ಕೆಂಚಿ ಮಂಡಿಯೂರಿತು. ನಾನು ಫೋನು ಕಸಿದುಕೊಂಡೆ.

"ಕಾಪರ್ ಸಲ್ಫೇಟ್ ಐತ್ರಿ ಸಾರ್. ಸಿ ಯು ಎಸ್ ಓ ಫೋರ್, ಫೈವ್ ಎಚ್ ಟು ಓ."

ಗೊತ್ತಾಯಿತು, ಹಾಲು ಮತ್ತು ಮೊಟ್ಟೆಯ ಬಿಳಿ ಕುಡಿಸುತ್ತಿರಿ, ಬಂದೆ ಅಂದರು. ಮಳೆಯಲ್ಲಿ ನೆನೆದುಕೊಂಡೇ ಬಂದರು. ಇಂಜೆಕ್ಷನ್ ಕೊಟ್ಟು, ಹೆಸರು ಸರಿಯಾಗಿ ಹೇಳಿದ್ದಕ್ಕೆ ನನ್ನ ಬೆನ್ನು ತಟ್ಟಿದರು. ಕುಡಿಸಿದ ಹಾಲು ಕಟವಾಯಿಯಿಂದ ಸುರಿಯುತ್ತಿದ್ದರೂ, ಇನ್ನು ಕೆಂಚಿ ಉಳಿಯಿತು ಅಂದುಕೊಂಡೆ.

ಬೆಳಗ್ಗೆ ಅದು ಸತ್ತು ಬಿದ್ದಿತ್ತು. ಹೆಸರು ಸರಿಯಾಗೇ ಹೇಳಿದ್ದೆನಲ್ಲ ಎಂದು ಅಪ್ಪನ ಮುಂದೆ ಬಿಕ್ಕಿಬಿಕ್ಕಿ ಅತ್ತೆ. ಅವನು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನೀ ಸರೀನ ಹೇಳಿದ್ಯವ್ವ. ನಾನ ನೀರು ಕುಡಸಲಿಲ್ಲ."

ಕುರಿ ಮಾರಿ ವರ್ಷಗಳಾದವು. ಅಪ್ಪ ತೀರಿಕೊಂಡದ್ದೂ ಹಳೆಯ ಮಾತಾಯಿತು. ಹರಪನಹಳ್ಳಿಯಲ್ಲಿ ವಿಜ್ಞಾನದ ಟೀಚರಾಗಿ, ತಪ್ಪು ಯಾರದೆಂದು ಹುಡುಕುವ ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೇನೆ. ಯಾರೂ ಕೇಳುವ ಮೊದಲೇ "ನಾನ" ಅಂದವರನ್ನು ಇದುವರೆಗೂ ಕಂಡಿಲ್ಲ.