ಸೀಳು ಉಗುರು ತೋರಿಸಿದ ಮೊಳೆ

ಅವರ ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿತ್ತು. ಆ ಉಗುರಿನಿಂದಲೇ ಪರದೆಯನ್ನು ಟಕ್ ಟಕ್ ಕುಟ್ಟಿ ತೋರಿಸುತ್ತಿದ್ದರು. ಅಮೆರಿಕದ ಪಿಸ್ಕಾಟವೇ ಊರಿನ ನಮ್ಮ ಪುಟ್ಟ ಕಂಪನಿಯ ಲ್ಯಾಬಿಗೆ ಅವರೇ ಮುಖ್ಯಸ್ಥೆ, ಎಲ್ಲರಿಗೂ ಮೇಡಂ. ಧಾರವಾಡದವರು. ನಾನು ಮೈಸೂರಿನಲ್ಲಿ ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟು ರೇಡಿಯೊ ರಿಪೇರಿ ಅಂಗಡಿ ಸೇರಿದವನು. ಇಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವುದು ನನ್ನ ಕೆಲಸ. ನನ್ನ ಬೆಸುಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೇಡಂ ನನ್ನನ್ನು ಉಸ್ತಾದ್ ಅನ್ನುತ್ತಿದ್ದರು.

ನಾವು ಮಾಡುತ್ತಿದ್ದುದು ಅಂಕಿಗಳಿಂದ ಅಲೆ ಹುಟ್ಟಿಸುವ ಯಂತ್ರ. ಪರದೆಯ ಮೇಲೆ ಒಂದೇ ಒಂದು ಉದ್ದ ಗೆರೆ ನಿಲ್ಲಬೇಕು, ನಾವು ಕೇಳಿದ ಸಿಗ್ನಲ್. ಆ ಸಲ ಅದರ ಪಕ್ಕದಲ್ಲಿ ಕರೆಯದೆ ಬಂದ ಮೊಳೆಯಂಥ ಚಿಕ್ಕ ಗೆರೆಯೊಂದು ಎದ್ದಿತ್ತು. ಒಂಬತ್ತು ಬೋರ್ಡಿನಲ್ಲೂ. ಗಿರಾಕಿಗಳು ನೋಡಲು ಬರುವುದು ಸೋಮವಾರ.

ಪ್ರೋಗ್ರಾಂ ಬರೆದ ಇಂಜಿನಿಯರ್ ಪಕ್ಕದ ಊರಾದ ಎಡಿಸನ್‌ನಲ್ಲೇ ಹುಟ್ಟಿ ಬೆಳೆದ ಕನ್ನಡದವನು. "ಅಂಕಲ್, ನಿಮ್ಮ ಗ್ರೌಂಡ್ ಸೋಲ್ಡರಿಂಗ್ ಸರಿ ಇಲ್ಲ. ಕ್ಲಾಕ್ ಲೀಕ್ ಆಗ್ತಿದೆ" ಅಂದುಬಿಟ್ಟ. ಬೋರ್ಡನ್ನು ನಡೆಸುವ ಒಂದೇ ಸಮನೆಯ ಮಿಡಿತವೇ ಕ್ಲಾಕ್; ಅದು ನನ್ನ ಬೆಸುಗೆಯಿಂದ ಸೋರಿ ಮೊಳೆಯಾಗಿದೆ ಎಂದು ಅವನ ವಾದ. ಎಲ್ಲ ಮತ್ತೆ ಮಾಡು, ಇನ್ನೊಮ್ಮೆ ಫೇಲಾದರೆ ಬೇರೆಯವರನ್ನು ನೋಡುತ್ತೇವೆ ಅಂದ ಮ್ಯಾನೇಜರ್. ಒಂಬತ್ತೂ ಬೋರ್ಡನ್ನು ಲೆನ್ಸ್ ಕೆಳಗಿಟ್ಟು ನೋಡಿದ್ದೆ, ಕೂದಲಷ್ಟೂ ಬಿರುಕಿರಲಿಲ್ಲ. ಆದರೂ ಡಿಗ್ರಿ ಇರುವವನ ಮುಂದೆ ನನ್ನ ಬಾಯಿ ಕಟ್ಟಿತು. ಶನಿವಾರ ಬೆಳಿಗ್ಗೆ ಬಂದು, ನನ್ನದೇ ಒಳ್ಳೆಯ ಬೆಸುಗೆಯನ್ನು ಕರಗಿಸಲು ಐರನ್ ಕಾಯಿಸಿದೆ.

ಮೇಡಂ ಕೋಟು ಕೂಡ ಬಿಚ್ಚದೆ ಒಳಗೆ ಬಂದರು. ಹಿಂದೆಯೇ ಆ ಇಂಜಿನಿಯರ್.

"ಐರನ್ ಕೆಳಗ ಇಡ್ರಿ ಉಸ್ತಾದ್."

"ಆಂಟಿ, ಇಟ್ಸ್ ಆಬ್ವಿಯಸ್ಲಿ ದ ಬೋರ್ಡ್—"

"ಆಂಟಿ ನಿಮ್ಮ ಮನ್ಯಾಗ. ಇಲ್ಲಿ ಸುಮ್ನ ನೋಡು." ನನ್ನ ಕಡೆ ತಿರುಗಿದರು. "ಫ್ರೀಕ್ವೆನ್ಸಿ ಒಂದ್ ಚೂರು ತಿರುಗಸ್ರಿ. ಕ್ಲಾಕ್ ಸೋರತಿದ್ರ ಮೊಳಿ ನಿಂತಲ್ಲೇ ನಿಲ್ತದ."

ಗುಂಡಿ ತಿರುಗಿಸಿದೆ. ಮೊಳೆ ಚಂಗನೆ ಹಾರಿ ದೂರ ಹೋಗಿ ನಿಂತಿತು!

ಸೀಳು ಉಗುರು ಟಕ್ ಅಂತು. "ಬೆಸುಗಿ ಹಿಂಗ ಓಡಾಡಂಗಿಲ್ಲ. ಇದು ಲೆಕ್ಕದ್ದು."

ನನಗೂ ತಿಳಿಯುವ ಹಾಗೆ ವಿವರಿಸಿದರು. ಯಂತ್ರ ಪ್ರತಿ ಹೆಜ್ಜೆಗೂ ಉದ್ದನೆಯ ಅಂಕಿಯ ಬಾಲ ಕತ್ತರಿಸುತ್ತದೆ. ಆ ಚೂರುಪಾರು ತಪ್ಪು ಮತ್ತೆ ಮತ್ತೆ ಅದೇ ವರಸೆಯಲ್ಲಿ ಬಂದರೆ, ಅದೇ ಒಂದು ಸಿಗ್ನಲ್ ಆಗಿ ಎದ್ದು ನಿಲ್ಲುತ್ತದೆ.

"ತಪ್ಪು ತಾಳ ಹಿಡದ್ರ ಸಪ್ಪಳ ಆಗ್ತದ. ತಾಳ ಕೆಡಸು" ಎಂದು ಇಂಜಿನಿಯರನಿಗೆ ಹೇಳಿದರು.

ಬಾಲ ಕತ್ತರಿಸುವ ಮೊದಲು ಪ್ರತಿ ಅಂಕಿಗೂ ಗೊತ್ತುಗುರಿಯಿಲ್ಲದ ಚಿಟಿಕೆಯಷ್ಟು ಗದ್ದಲ ಸೇರುವಂತೆ ಅವನು ಪ್ರೋಗ್ರಾಂ ತಿದ್ದಿದ. ಪರದೆಯ ತಳದಲ್ಲಿ ಹುಲ್ಲಿನಂತೆ ಅಲ್ಲಾಡುವ ಗೀರುಗಳು ತುಸು ಮೇಲೆದ್ದವು. ಮೊಳೆ ಅವುಗಳೊಳಗೆ ಕರಗಿಹೋಯಿತು. ಒಂಬತ್ತಕ್ಕೆ ಒಂಬತ್ತೂ.

"ಸಾರಿ ಅಂಕಲ್" ಅಂದ. ಐರನ್ ಆಫ್ ಮಾಡಿದ್ದೂ ಅವನೇ.

ಸೋಮವಾರ ಗಿರಾಕಿಗಳ ಮುಂದೆ ಮೇಡಂ ನನ್ನನ್ನು ನಿಲ್ಲಿಸಿದರು. "ಕಟ್ಟಿದವರೇ ತೋರಸ್ಲಿ." ಎಲ್ಲಿಗೆ ತಿರುಗಿಸಿದರೂ ಒಂದೇ ಗೆರೆ. ಗಿರಾಕಿಗಳು ಮೊದಲು ಕುಲುಕಿದ ಕೈ ನನ್ನದು.

ಹೋದ ಚಳಿಗಾಲ ಮೇಡಂ ತೀರಿಕೊಂಡರು. ಟೆಸ್ಟ್ ಹಾಳೆಯಲ್ಲಿ ಅವರು ಸೇರಿಸಿದ ಮೊದಲ ಸಾಲು ಹಾಗೇ ಇದೆ: ಬೋರ್ಡನ್ನು ದೂರುವ ಮೊದಲು ಫ್ರೀಕ್ವೆನ್ಸಿ ಸರಿಸಿ ನೋಡಿ. ಆ ಹಾಳೆಗೆ ಸಹಿ ಹಾಕುವವನು ಈಗ ನಾನು. ಹೊಸ ಇಂಜಿನಿಯರ್ ಯಾರಾದರೂ ನನ್ನ ಬೆಸುಗೆಯ ಕಡೆ ಬೆರಳು ಮಾಡಿದರೆ ಬಾಯಿ ಕಟ್ಟುವುದಿಲ್ಲ. "ಒಂದ್ ಚೂರು ತಿರುಗ್ಸಿ ನೋಡಪ್ಪ" ಅನ್ನುತ್ತೇನೆ. ಮೊಳೆ ಹಾರುತ್ತದೆ. ನನ್ನ ಉಗುರು ಪರದೆಯನ್ನು ಟಕ್ ಎಂದು ಕುಟ್ಟುತ್ತದೆ.