ನಡುವಿನ ಮೂರು ತೊಲೆಗಳು

ಹಳೆಯ ಮಾರುಕಟ್ಟೆಯ ಛಾವಣಿಯಡಿ ದೀಪದ ಸರ ಕಟ್ಟುವ ಕೆಲಸವನ್ನು ಇಪ್ಪತ್ತೊಂದು ವರ್ಷ ಒಬ್ಬಳೇ ಮಾಡಿದ ಹೆಂಗಸನ್ನು ಅಲ್ಲಿನವರೆಲ್ಲ ಏಣಿಯಕ್ಕ ಎನ್ನುತ್ತಿದ್ದರು. ವರ್ಷಾಂತ್ಯದ ಮಾರಾಟ ಹತ್ತಿರವಾದಾಗ ಹೆಗಲ ಮೇಲೆ ಮರದ ಏಣಿ ಹೊತ್ತು, ಹಲ್ಲುಗಳ ನಡುವೆ ತಂತಿಯ ತುಂಡುಗಳನ್ನು ಕಚ್ಚಿಕೊಂಡು ಅವಳು ಬಂದರೆ, ಪಾತ್ರೆ ಅಂಗಡಿಯವನಿಂದ ಗಡಿಯಾರ ರಿಪೇರಿಯವನವರೆಗೆ ಎಲ್ಲರೂ ದಾರಿ ಬಿಡುತ್ತಿದ್ದರು. ಮೇಲೆ ಹತ್ತಿದರೆ ಇಡೀ ಮಾರುಕಟ್ಟೆಯ ನೆತ್ತಿಗಳು ಕಾಣುತ್ತಿದ್ದವು. ಯಾರ ತಲೆ ಬೋಳಾಗುತ್ತಿದೆ, ಯಾರು ಕೂದಲಿಗೆ ಬಣ್ಣ ಹಚ್ಚಿದ್ದಾರೆ ಎಂಬ ಗುಟ್ಟೆಲ್ಲ ಅವಳ ಬಳಿಯಿತ್ತು. ಆ ಎತ್ತರವನ್ನು ಅವಳು ತನ್ನ ಸ್ವಂತ ಆಸ್ತಿಯೆಂದೇ ಬಗೆದಿದ್ದಳು.

ಅದಕ್ಕೆ ಪಾಲುದಾರಳು ಹುಟ್ಟಿಕೊಂಡದ್ದು ಮನೆಯೊಳಗೇ. ಮೈದುನನ ಹೆಂಡತಿ ಹೊಲಿಗೆಯವಳು. ನೆಲಕ್ಕೆ ಚೆಲ್ಲಿದ ಗುಂಡುಸೂಜಿಗಳನ್ನು ಬಗ್ಗದೆ ಎತ್ತಲು ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡಿದ್ದಳು. ಒಂದು ದಿನ ಅದು ಕಬ್ಬಿಣದ ಬಾಗಿಲ ಚೌಕಟ್ಟಿಗೆ ಕಚ್ಚಿಕೊಂಡದ್ದನ್ನು ಕಂಡು ಅವಳ ತಲೆ ಓಡಿತು. ತಿಂಗಳೊಳಗೆ ರಬ್ಬರ್ ಹೊದಿಕೆಯ ಅಯಸ್ಕಾಂತದ ಕೊಕ್ಕೆಗಳನ್ನೂ ಗೋಡೆಗೆ ಬಣ್ಣ ಬಳಿಯುವವರ ಉದ್ದನೆಯ ಕೋಲನ್ನೂ ತಂದು, ನೆಲದ ಮೇಲೆ ನಿಂತೇ ಬೀದಿಯ ಔಷಧಿ ಅಂಗಡಿಗೆ ದೀಪ ತೂಗಿಸಿದಳು. ಸರವನ್ನು ಕೆಳಗೇ ಕೊಕ್ಕೆಗಳಿಗೆ ಸಿಕ್ಕಿಸುವುದು, ಕರೆಂಟ್ ಕೊಡುವ ಮೊದಲು ಒಂದೊಂದೇ ಕೊಕ್ಕೆಯನ್ನು ಕೋಲಿನಿಂದ ಎತ್ತಿ ಅಂಟಿಸುವುದು, ಮೆಲ್ಲಗೆ ಜಗ್ಗಿ ನೋಡುವುದು; ಅಷ್ಟೇ ಕೆಲಸ.

ಅಂದಿನಿಂದ ಓರಗಿತ್ತಿ ನಕ್ಕರೆ ಹಲ್ಲು ಕಿರಿಯುತ್ತಾಳೆ ಎನಿಸಿತು ಏಣಿಯಕ್ಕನಿಗೆ. ನಗದಿದ್ದರೆ ಬಿಗುಮಾನ ಎನಿಸಿತು. ಯಾರೂ ಇಲ್ಲದ ಒಂದು ಮಧ್ಯಾಹ್ನ ಒಂದು ಕೊಕ್ಕೆಯನ್ನು ಕದ್ದು ಉಕ್ಕಿನ ಬೀರುವಿಗೆ ಅಂಟಿಸಿ ನೋಡಿದಳು. ಕಿತ್ತು ತೆಗೆಯಲು ಎರಡೂ ಕೈ ಬೇಕಾಯಿತು. ಸಡಿಲವಾಗಿದ್ದಿದ್ದರೆ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ಮಾರುಕಟ್ಟೆಗೆ ಹೊಸದಾಗಿ ಬಂದಿದ್ದ ಮ್ಯಾನೇಜರ್ ಆ ವರ್ಷ ಅವಳನ್ನು ಕರೆಸಿ, ಕಳೆದ ಸಲ ಇಳಿಯುವಾಗ ಅವಳ ಮಂಡಿ ನಡುಗಿದ್ದನ್ನು ಅಂಗಡಿಯವರು ಹೇಳಿದ್ದಾರೆಂದೂ ಇನ್ನು ಏಣಿ ಬೇಡವೆಂದೂ ಮೆತ್ತಗೆ ತಿಳಿಸಿದ. ಕೆಲಸ ಕೋಲಿನವಳಿಗೆ ಹೋಯಿತು.

ಆದರೆ ಒಂದು ಸಂಗತಿ ಮ್ಯಾನೇಜರನಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ತುಕ್ಕು ಹಿಡಿದ ನಡುವಿನ ಮೂರು ತೊಲೆಗಳನ್ನು ತೆಗೆದು ಅಲ್ಯೂಮಿನಿಯಂ ತೊಲೆ ಹಾಕಿ, ಉಳಿದವಕ್ಕೆ ಹೊಂದುವ ಬೂದು ಬಣ್ಣವನ್ನೇ ಬಳಿದಿದ್ದರು. ಮೇಲೆ ಹತ್ತಿ ರಂಧ್ರ ಕೊರೆದ ಏಣಿಯಕ್ಕನಿಗೆ ಅದು ಕೈಯಾರೆ ಗೊತ್ತಿತ್ತು. ಓರಗಿತ್ತಿ ಬಾಗಿಲ ಬಳಿಯ ತೊಲೆಯನ್ನಷ್ಟೇ ಪರೀಕ್ಷಿಸಿ ಬಂದಿದ್ದಳು. ದೀಪ ಕಟ್ಟುವ ಹಿಂದಿನ ಸಂಜೆ ಅಡುಗೆಮನೆಯಲ್ಲಿ ಲೋಟ ಒರೆಸುತ್ತಾ ಕೇಳಿದಳು:

"ಅಕ್ಕ, ತೊಲೆ ಎಲ್ಲಾ ಕಬ್ಬಿಣದ್ದೇ ತಾನೆ?"

"ನೀನೇ ನೋಡ್ಕೋ. ಜಾಣೆ ಅಲ್ವಾ," ಎಂದು ಏಣಿಯಕ್ಕ ನಲ್ಲಿ ತಿರುಗಿಸಿದಳು.

ಮರುದಿನ ಬೆಳಿಗ್ಗೆ, ಯಾರೂ ಕರೆಯದಿದ್ದರೂ, ಏಣಿ ಹೊತ್ತು ಮಾರುಕಟ್ಟೆಗೆ ಹೋಗಿ ಕಂಬಕ್ಕೊರಗಿ ನಿಂತಳು. ನಾಲ್ಕು ತೊಲೆಗಳಿಗೆ ಕೊಕ್ಕೆಗಳು ಟಪ್ ಟಪ್ ಎಂದು ಕಚ್ಚಿಕೊಂಡವು. ಐದನೆಯದಕ್ಕೆ ತಗಲಿಸಿದ ಕೊಕ್ಕೆ ನಿಲ್ಲದೆ ಜಾರಿತು. ಜೋತುಬಿದ್ದ ಸರ ಜಗ್ಗಿದ ರಭಸಕ್ಕೆ ಹಿಂದಿನ ಎರಡು ಕೊಕ್ಕೆಗಳೂ ಕಳಚಿ, ಸರ ಪಾತ್ರೆ ಅಂಗಡಿಯ ಮುಂದೆ ಸುರಿಯಿತು. ಆರು ಬಲ್ಬು ಪುಡಿಯಾದವು. ಅಯಸ್ಕಾಂತಕ್ಕೂ ಏಣಿಯಕ್ಕನ ಭಯ ಇದೆ ಎಂದು ಗಡಿಯಾರದವನು ಚುಚ್ಚಿದ. ಈ ಸದ್ದಿಗಾಗಿಯೇ ಅವಳು ಕಾದಿದ್ದಳು. ಆದರೆ ಗಾಜು ಗುಡಿಸಲು ಬಗ್ಗಿದ ಓರಗಿತ್ತಿಯ ಕತ್ತು ಕಂಡಾಗ ಅಂದುಕೊಂಡಷ್ಟು ಸುಖವಾಗಲಿಲ್ಲ.

ಓರಗಿತ್ತಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ಅಕ್ಕ, ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮ್ಯಾನೇಜರ್ ವಿಧಿಯಿಲ್ಲದೆ ಏಣಿ ಇಡಲು ಹೇಳಿದ. ಏಣಿಯಕ್ಕ ಎಂದಿನ ಗತ್ತಿನಲ್ಲೇ ಹತ್ತಿದಳು. ಮೂರನೆಯ ಮೆಟ್ಟಿಲಿನಲ್ಲಿ ಮಂಡಿ ಹಿಡಿದುಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಓರಗಿತ್ತಿ ಬಂದು ಏಣಿಯ ಕಾಲುಗಳನ್ನು ಬಿಗಿಯಾಗಿ ಹಿಡಿದಳು. ಅಲ್ಲಿಂದ ಕೆಳಗೆ ನೋಡಿದಾಗ ಏಣಿಯಕ್ಕನಿಗೆ ಕಂಡದ್ದು ಆ ಒಂದು ನೆತ್ತಿ ಮಾತ್ರ. ನಿಧಾನವಾಗಿ ಇಳಿದಳು.

"ಕೋಲೆತ್ತು," ಎಂದಳು. "ತೊಲೆ ಬಿಡು. ಕಂಬಕ್ಕೆ ಸೇರೋ ಕಡೆ ಅಗಲದ ಪಟ್ಟಿ ಇದೆ, ಅದು ಕಬ್ಬಿಣ. ಇನ್ನೂ ಬಲಕ್ಕೆ. ಹೂಂ, ಅಲ್ಲೇ."

ಕೊಕ್ಕೆ ಕಚ್ಚಿಕೊಂಡಿತು. ಕೆಳಗೇ ಹಗ್ಗಕ್ಕೆ ಸರ ಸುತ್ತಿ, ಅದನ್ನು ಹೀಗೆ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಎಳೆದು ಮೂರು ತೊಲೆಗಳನ್ನು ದಾಟಿದರು. ದೀಪ ಹತ್ತಿದಾಗ ಮ್ಯಾನೇಜರ್ ಹೊಗಳಿದ್ದು ಕೋಲು ಹಿಡಿದವಳನ್ನು. ಅವಳು, ತೊಲೆಗಳ ಲೆಕ್ಕ ಗೊತ್ತಿರುವುದು ಅಕ್ಕನಿಗೆ, ಮುಂದಿನ ವರ್ಷವೂ ಇಬ್ಬರನ್ನೂ ಕರೆಯಿರಿ ಎಂದಳು. ಅಡುಗೆಮನೆಯ ಮಾತನ್ನು ಎತ್ತಲೇ ಇಲ್ಲ.

ಓರಗಿತ್ತಿ ನಾಲ್ಕು ಜನರೆದುರು ಬೈದಿದ್ದರೆ ಏಣಿಯಕ್ಕ ತಿರುಗಿ ಬೈದು ಹಗುರಾಗುತ್ತಿದ್ದಳು. ದೊಡ್ಡತನದಲ್ಲೂ ಇವಳೇ ಮುಂದಾದದ್ದನ್ನು ನುಂಗಲಾಗಲಿಲ್ಲ. ಏಣಿಯನ್ನು ಪಾತ್ರೆ ಅಂಗಡಿಯಲ್ಲೇ ಬಿಟ್ಟು, ಇಬ್ಬರೂ ಕೋಲನ್ನು ಹಿಡಿದು ಮನೆಗೆ ಹೊರಟರು. ಮುಂತುದಿ ಓರಗಿತ್ತಿಯ ಕೈಯಲ್ಲಿತ್ತು. ಬೀದಿಯ ತಿರುವಿನವರೆಗೂ ಏಣಿಯಕ್ಕ ಅದನ್ನೇ ನೋಡುತ್ತಾ ನಡೆದಳು.