ಮೂಗಣ್ಣ ತರಿಸಿದ ಅಂಟು

ಚಪ್ಪಲಿ ಕಾರ್ಖಾನೆಯಲ್ಲಿ ಅಂಟು ಕಲೆಸುವವನಿಗೆ ಮೂಗಣ್ಣ ಎಂಬುದೇ ಹೆಸರಾಗಿಹೋಗಿತ್ತು. ಡಬ್ಬಿಯ ಮುಚ್ಚಳ ತೆಗೆದು ಒಮ್ಮೆ ಮೂಸಿದರೆ ಸಾಕು, ಇದು ತಲೆ ಸಿಡಿಸುತ್ತದೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದ. ಎರಡು ವರ್ಷದ ಹಿಂದೆ ಘಾಟಿನ ಅಂಟನ್ನು ಬಿಡಿಸಿ, ವಾಸನೆ ಕಡಿಮೆಯಿರುವ ಅಂಟು ತರಿಸಿದವನೂ ಅವನೇ. ಚಪ್ಪಲಿಯ ತಳದ ಅಟ್ಟೆಗೆ ಅಂಟು ಬಳಿಯುವ ಸಾಲಿನಲ್ಲಿದ್ದ ಅವನ ಅಕ್ಕ ಆಗ ಹಿಗ್ಗಿ ಹೀರೇಕಾಯಿಯಾಗಿದ್ದಳು.

ಈ ವರ್ಷ ಅಕ್ಕನ ಬೆರಳುಗಳಿಗೆ ಜೋಮು ಹಿಡಿದದ್ದು ಬಿಡಲೇ ಇಲ್ಲ. ಆಮೇಲೆ ಕಾಲಿನ ಚಪ್ಪಲಿ ಕಳಚಿಬಿದ್ದರೂ ತಿಳಿಯದಾಯಿತು. ಡಾಕ್ಟರು ಡಬ್ಬಿಯ ಜೊತೆ ಬಂದ ಚೀಟಿ ತರಿಸಿ ಓದಿದರು.

"ಇದರಲ್ಲಿರೋದು ನರ ತಿನ್ನುತ್ತೆ. ವಾಸನೆ ಕಮ್ಮಿ ಅಂದ್ರೆ ವಿಷ ಕಮ್ಮಿ ಅಂತ ಯಾರು ಹೇಳಿದ್ದು?"

ಮೂಗಣ್ಣ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡ.

"ಕೆಲಸ ಬಿಟ್ಬಿಡಕ್ಕ," ಎಂದ ದಾರಿಯಲ್ಲಿ.

"ನನ್ ಜಾಗಕ್ಕೆ ನಿನ್ ಹೆಂಡ್ತಿ ಬಂದು ಕೂರ್ತಾಳೆ. ಅವಳಿಗೇನು ಕಬ್ಬಿಣದ ನರ ಇದ್ಯೇನೋ?"

ಅಂದಿನಿಂದ ಅವನು ಮೂಗು ಬಿಟ್ಟು ಕನ್ನಡಕ ಹಿಡಿದ. ಆರು ಬಗೆಯ ಅಂಟಿನ ಚೀಟಿಗಳನ್ನು ತರಿಸಿ, ಸಾಲುಸಾಲಿಗೂ ಬೆರಳಿಟ್ಟು ಓದಿದ. ಐದರಲ್ಲಿ ಒಂದಲ್ಲ ಒಂದು ಕೇಡು ಇತ್ತು. ಉಳಿದದ್ದು ನೀರಿನಲ್ಲಿ ಕಲೆಸಿದ ಅಂಟು. ಅದು ಒಣಗಲು ಹೊತ್ತು ಬೇಡುತ್ತಿತ್ತು.

"ಮೂರೇ ದಿನ ಕೊಡ್ತೀನಿ," ಎಂದರು ಮಾಲೀಕರು. "ಅಟ್ಟೆ ಕಿತ್ತು ಬಂದ್ರೆ ಮತ್ತೆ ನೀನು ತರಿಸಿದ ಹಳೇ ಡಬ್ಬಿನೇ. ನಿನ್ನ ಮೂಗು ನಂಬಿ ಒಂದ್ಸಲ ಕೆಟ್ಟಿದ್ದು ಸಾಕು."

ಮೊದಲ ದಿನ ಅಟ್ಟೆ ಕಿತ್ತುಬಂತು. ಎರಡನೆಯ ದಿನ ಅಂಟನ್ನು ತೆಳ್ಳಗೆ ಬಳಿದು ಬಿಸಿಗಾಳಿ ಹಿಡಿದ, ಆದರೂ ಅಂಚು ಬಿಟ್ಟಿತು. ಮೂರನೆಯ ಬೆಳಗ್ಗೆ ಕೊನೆಯ ಜೋಡಿಯನ್ನು ಅಕ್ಕ ಅವನ ಕೈಯಿಂದ ಕಸಿದುಕೊಂಡಳು.

"ನಾನು ಎಳೀತೀನಿ ಕೊಡೋ."

ಹಲ್ಲು ಕಚ್ಚಿ ಎಳೆದಳು. ಅಟ್ಟೆ ಅಲ್ಲಾಡಲಿಲ್ಲ.

"ಬರ್ತಿಲ್ಲ ಕಣೋ, ಮೂಗಣ್ಣ. ಬಂಡೆ ಹಿಡಿದ ಹಾಗೆ ಹಿಡಿದಿದೆ."

ಸಾಲಿನ ಹೆಂಗಸರೆಲ್ಲ ನಕ್ಕರು. ಅವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಗ ಅಕ್ಕನ ಹೆಬ್ಬೆರಳು ಕಣ್ಣಿಗೆ ಬಿತ್ತು. ಅದು ಅಟ್ಟೆಯಿಂದ ಯಾವಾಗಲೋ ಜಾರಿತ್ತು. ಜಾರಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಬರೀ ಗಾಳಿಯನ್ನು ಹಿಂಡಿ ಎಳೆಯುತ್ತಿದ್ದಳು.

ಅವನು ಚಪ್ಪಲಿ ಇಸಿದುಕೊಂಡು ಎರಡು ಬೆರಳಲ್ಲಿ ಎತ್ತಿದ. ಅಟ್ಟೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಬಂತು. ನಗು ನಿಂತಿತು. ಮೆಟ್ಟಿಲ ಮೇಲೆ ಮಾಲೀಕರ ಹೆಜ್ಜೆ ಕೇಳಿಸಿತು.

"ಏಳಕ್ಕ. ಇಲ್ಲಿ ಇನ್ಮೇಲೆ ನಾನು ಕೂರ್ತೀನಿ."

"ನಿಂಗೇನು ಕಬ್ಬಿಣದ..."

ಅವಳು ಅಂಟು ಬಳಿಯುವ ಕುಂಚ ಎತ್ತಿಕೊಂಡಳು. ಮೂಗಣ್ಣ ಅವಳ ಕೈಯ ಕುಂಚವನ್ನು ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡ. ಹಳೆಯ ಡಬ್ಬಿ ಎಳೆದುಕೊಂಡು ಮುಚ್ಚಳ ತೆಗೆದ. ರೂಢಿಯಂತೆ ಮೂಸಿದ. ವಾಸನೆ ಹಿತವಾಗಿಯೇ ಇತ್ತು.